'ಫೆಲ್ ರನ್ನಿಂಗ್'ಗೆ ಕನ್ನಡದಲ್ಲಿ ಏನನ್ನೋಣ? 'ಗುಡ್ಡಗಾಡು ಓಟ' ಆಗಲೇ ಬೇರೆಯದಕ್ಕೆ ಹೋಗಿದೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಕಡೆಯ ಫೆಲ್ ಓಟಗಳ, ಅಂದರೆ ಅಲ್ಲಿಯ ಬೋಳು ಬೆಟ್ಟಗಳನ್ನು ಏರಿ ಇಳಿದು ಓಡುವ ಸ್ಪರ್ಧೆಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ನಾನೂ ಹವ್ಯಾಸಕ್ಕೆ ಈ ಓಟಗಳಲ್ಲಿ ಓಡುವವನು. ಇಲ್ಲಿಗೆ ಬಂದ ನಮ್ಮವರು ಕೆಲವರು ಹೊಸದಾಗಿ ಶುರು ಮಾಡಿದ್ದಾರೆ, ಅವರಿಗಾಗಿ ಇದು. ತೊಡಕಿರುವುದು ಹೆಸರಿನಲ್ಲೇ.

'ಗುಡ್ಡಗಾಡು ಓಟ' ಅಂದರೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ಪತ್ರಿಕೆಗಳು ಕ್ರಾಸ್ ಕಂಟ್ರಿಗೆ ಆ ಹೆಸರನ್ನು ಕೊಟ್ಟು ಬಹಳ ಕಾಲವಾಯಿತು. ಕ್ರಾಸ್ ಕಂಟ್ರಿಗೆ ಗುಡ್ಡ ಇರಲೇಬೇಕೆಂದಿಲ್ಲ. ಹುಲ್ಲು, ಮಣ್ಣಿನ ನೆಲದ ಮೇಲೆ ಗುರುತು ಮಾಡಿದ ದಾರಿಯಲ್ಲಿ ಓಡಿದರಾಯಿತು. ಫೆಲ್ ಓಟದಲ್ಲಿ ಮಾತ್ರ ಏರು ಬೇಕೇ ಬೇಕು. ಅದಕ್ಕೆ ಲೆಕ್ಕವೂ ಇದೆ. 1970ರಲ್ಲಿ ಶುರುವಾದ ಫೆಲ್ ರನ್ನರ್ಸ್ ಅಸೋಸಿಯೇಷನ್ ಈ ಓಟಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. 'ಎ' ಅನ್ನಿಸಿಕೊಳ್ಳಬೇಕಾದರೆ ಕಿಲೋಮೀಟರಿಗೆ ಸರಾಸರಿ 50 ಮೀಟರಾದರೂ ಏರಿರಬೇಕು, ರಸ್ತೆಯ ಮೇಲಿನ ಓಟ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಆಗಬಾರದು.

'ಬೆಟ್ಟ ಹತ್ತುವ ಓಟ' ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕಡಿದಾದ ಏರಿನಲ್ಲಿ ಒಳ್ಳೊಳ್ಳೆ ಓಟಗಾರರೂ ತೊಡೆಯ ಮೇಲೆ ಕೈಯೂರಿ ನಡೆಯುತ್ತಾರೆ. ಎಷ್ಟೋ ಸಲ ಗೆಲುವು ಸೋಲು ತೀರ್ಮಾನವಾಗುವುದು ಇಳಿಯುವಾಗ. ಒದ್ದೆ ಹುಲ್ಲು, ಉರುಳುವ ಕಲ್ಲು, ಜೌಗು. ಮೈ ಹಿಂದಕ್ಕೆ ವಾಲಿಸಿದರೆ ಕಾಲು ಜಾರುತ್ತದೆ. ತುಸು ಮುಂದಕ್ಕೆ ಬಾಗಿ, ಕೈ ಅಗಲಿಸಿ, ನಾಲ್ಕು ಹೆಜ್ಜೆ ಮುಂದೆ ಕಣ್ಣಿಟ್ಟು ಚಿಕ್ಕ ಚಿಕ್ಕ ಹೆಜ್ಜೆ ಹಾಕಬೇಕು. ಹೊಸಬರು ಬರೀ ಏರನ್ನೇ ಅಭ್ಯಾಸ ಮಾಡುತ್ತಾರೆ. ಇಳಿಯುವುದನ್ನು ಕಲಿಯದಿದ್ದರೆ ಮರುದಿನ ಮೆಟ್ಟಿಲು ಇಳಿಯಲೂ ತೊಡೆ ಬಿಡುವುದಿಲ್ಲ. ಹೆಸರಿನಲ್ಲಿ ಹತ್ತುವುದು ಮಾತ್ರ ಇದ್ದರೆ ಅರ್ಧ ಆಟವನ್ನೇ ಬಿಟ್ಟಂತಾಗುತ್ತದೆ.

ದಾರಿಯದು ಇನ್ನೊಂದು ಮುಖ್ಯ ಮಾತು. ಎಷ್ಟೋ ಓಟಗಳಲ್ಲಿ ದಾರಿಗೆ ಗುರುತೇ ಇರುವುದಿಲ್ಲ. ಹೇಳಿದ ಶಿಖರಗಳನ್ನು ಮುಟ್ಟಿ ಬರಬೇಕು, ನಡುವೆ ಎತ್ತಲಿಂದ ಹೋಗುವುದು ಎಂಬುದು ಓಡುವವರಿಗೆ ಬಿಟ್ಟದ್ದು. ಅದಕ್ಕೇ ನಕ್ಷೆ, ದಿಕ್ಸೂಚಿ, ಸೀಟಿ, ಮಳೆ ಅಂಗಿ, ಟೋಪಿ, ಕೈಗವಸು, ಒಂದಿಷ್ಟು ತಿಂಡಿ ಹೊತ್ತು ಓಡುವುದು. ಮಂಜು ಕವಿದರೆ ಹತ್ತು ಮಾರು ಆಚೆಗೂ ಏನೂ ಕಾಣುವುದಿಲ್ಲ. ಓಟಕ್ಕೆ ಮೊದಲೇ ಹೋಗಿ ನೆಲ ನೋಡಿ ಬರುವುದೂ ತಯಾರಿಯ ಒಂದು ಭಾಗ. ಇಲ್ಲಿಯವರು ಅದನ್ನು 'ರೆಕ್ಕಿ' ಅನ್ನುತ್ತಾರೆ. 'ದಾರಿ ನೋಡುವುದು' ಅಂದರೆ ಕಾಯುವುದು ಅಂತಲೇ ಅರ್ಥವಾಗುತ್ತದೆ. ಹಾಗಾಗಿ 'ನೆಲ ನೋಡುವುದು' ಎಂದು ಬರೆದಿದ್ದೇನೆ.

ಇನ್ನು 'ಫೆಲ್'. ಸಾವಿರ ವರ್ಷದ ಹಿಂದೆ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಾರ್ಸ್ ಜನ ತಂದ ಮಾತು ಇದು. ಮೂಲದಲ್ಲಿ ಬೆಟ್ಟ ಎಂದೇ ಅರ್ಥ. ಆದರೆ ಲೇಕ್ ಡಿಸ್ಟ್ರಿಕ್ಟ್ ಇರುವ ಕಂಬ್ರಿಯಾದಲ್ಲಿ ಹೊಲದ ಕೊನೆಯ ಕಲ್ಲುಗೋಡೆಯ ಆಚೆ, ಹಲವು ಮನೆಗಳ ಕುರಿ ಒಟ್ಟಿಗೆ ಮೇಯುವ ಬಯಲು ಇಳಿಜಾರಿಗೂ ಫೆಲ್ ಅನ್ನುತ್ತಾರೆ. ಅಲ್ಲಿಯ ವಾಸ್ಡೇಲ್ ಕಣಿವೆಯ ಫೆಲ್ ಓಟಗಾರ ಜಾಸ್ ನೇಯ್ಲರ್ 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಟ್ಟಿದರು. ಅವರು ಕುರಿ ಸಾಕುವ ರೈತರಾಗಿದ್ದರು, ಫೆಲ್ ಅವರಿಗೆ ದಿನನಿತ್ಯದ ಕೆಲಸದ ನೆಲವಾಗಿತ್ತು. ಆ ಅರ್ಥ ಉಳಿಯಬೇಕು ಅಂತ ನನಗೆ ಬಹಳ ಆಸೆ.

ನಮ್ಮಲ್ಲೂ ಬಳಕೆಯ ಹಕ್ಕಿನ ಜೊತೆ ಬೆಳೆದ ಮಾತುಗಳಿವೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆ. ಆದರೆ ಅಲ್ಲಿ ಮರಗಿಡ ಇರುತ್ತವೆ. ಇಲ್ಲಿಯದು ಹೆಚ್ಚಾಗಿ ಹುಲ್ಲು, ಕಲ್ಲು. ಕುದುರೆಮುಖದ ಮೇಲಿನ ಹುಲ್ಲುಗುಡ್ಡ ನೋಡಿದವರಿಗೆ ಅಂದಾಜು ಸಿಗಬಹುದು. ಸದ್ಯಕ್ಕೆ 'ಬೋಳುಗುಡ್ಡದ ಓಟ' ಅಂತ ಇಟ್ಟುಕೊಂಡಿದ್ದೇನೆ. ತುಸು ಉದ್ದವಾಯಿತು, ಆದರೂ ಹೇಳಬೇಕಾದ್ದನ್ನು ಹೇಳುತ್ತದೆ.

ಕೆಸಿಕ್ ಊರಿನ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರಲ್ಲ, ಆ 'ರೌಂಡ್'ಗೆ 'ಸುತ್ತು' ಸರಾಗವಾಗಿ ಕೂತಿದೆ. ಸುಮಾರು 106 ಕಿ.ಮೀ. ದೂರ, 8,200 ಮೀಟರ್ ಏರು. 1960ರವರೆಗೆ ಇನ್ನೊಬ್ಬರಿಂದ ಅದು ಆಗಲಿಲ್ಲ.

ಈಗ ನನಗೆ ಬೇಕಾಗಿರುವುದು ಎರಡು ಚಿಕ್ಕ ಮಾತು. ಕುರಿಗಳು ಓಡಾಡಿ ಹುಲ್ಲಿನಲ್ಲಿ ಮೂಡುವ ಸಣ್ಣ ದಾರಿಗೆ 'ಕುರಿಜಾಡು' ಅನ್ನಬಹುದೇ? ಕುರಿ ಕಾಯುವವರ ಬಾಯಲ್ಲಿ ಬೇರೆ ಮಾತಿದೆಯೇ? ಇನ್ನೊಂದು, ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ಗುಡ್ಡದ ಮಗ್ಗುಲು ಹಿಡಿದು ಹೋಗುವುದಕ್ಕೆ ಏನನ್ನುತ್ತಾರೆ? 'ಬಳಸಿ ಹೋಗುವುದು' ಎಂದು ಬರೆದರೆ ಆ ಒಂದೇ ಮಟ್ಟ ಎಂಬುದು ಬರುವುದಿಲ್ಲ. ಮಲೆನಾಡಿನವರು, ಕುರಿ ಸಾಕುವ ಮನೆಯವರು ಯಾರಾದರೂ ಇದ್ದರೆ ನಿಮ್ಮ ಊರಿನ ಮಾತನ್ನು, ಊರಿನ ಹೆಸರಿನ ಜೊತೆ, ದಯವಿಟ್ಟು ಬರೆಯಿರಿ.