ವ್ಯಾನಿನ ಒಳನೆಲಕ್ಕೆ ಬಳಿಯುವುದೇ, ಪೂಸುವುದೇ, ಲೇಪಿಸುವುದೇ?

ಮಾನ್ಯರೇ,

ಒಂದು ಪದದ ವಿಚಾರವಾಗಿ ನಿಮ್ಮೆಲ್ಲರ ಅಭಿಪ್ರಾಯವನ್ನು ಕೇಳುವ ಅಗತ್ಯ ನನಗೆ ಬಂದಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು ಕಡೆಯ ಅಡಿಕೆ ತೋಟಗಳಿಗೆ ಮದ್ದು ಬಿಡುವ ಕೆಲಸವನ್ನು ನನ್ನ ತಮ್ಮ ವಹಿಸಿಕೊಂಡು ಮಾಡುತ್ತಾನೆ. ಪಂಪು, ಪೈಪಿನ ಸುರುಳಿಗಳು, ಪ್ಲಾಸ್ಟಿಕ್ ಡ್ರಮ್ಮುಗಳು, ಸುಣ್ಣದ ಚೀಲಗಳು ಎಲ್ಲವೂ ಒಂದೇ ವ್ಯಾನಿನಲ್ಲಿ ತೋಟದಿಂದ ತೋಟಕ್ಕೆ ಹೋಗಬೇಕು. ಆ ವ್ಯಾನಿನ ಒಳಗೆ, ಸಾಮಾನು ಇಡುವ ಕಬ್ಬಿಣದ ತಗಡಿನ ಮೇಲೆ, ತುಕ್ಕು ಹಿಡಿಯದಂತೆ ರಾಳದ (ರೆಸಿನ್) ಒಂದು ಪರೆಯನ್ನು ಕೊಡಿಸಬೇಕಾಗಿತ್ತು. ಡಬ್ಬದ ಮೇಲಿನ ಸೂಚನೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇದ್ದುದರಿಂದ ಕೆಲಸದವರಿಗಾಗಿ ಅದನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆಯನ್ನು ನಾನು ಹೊತ್ತೆ. ಈ ಪತ್ರಕ್ಕೆ ಕಾರಣ ಅಲ್ಲಿ ನಾನು ಮಾಡಿದ ತಪ್ಪು.

ಈ ಪರೆ ಏಕೆ ಬೇಕು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಪದದ ಆಯ್ಕೆಗೂ ಅದಕ್ಕೂ ಸಂಬಂಧವಿದೆ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬಿಡುವ ಶೇ. 1ರ ಬೋರ್ಡೋ ಮಿಶ್ರಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಸೇರುತ್ತವೆ. ಸುಣ್ಣ ಸಾಕಷ್ಟು ಬಿದ್ದಿದೆಯೇ ಎಂದು ನೋಡಲು ನಮ್ಮಲ್ಲಿ ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ಮಿಶ್ರಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಸುಣ್ಣದೊಡನೆ ಕೂಡದೆ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಆ ಕೆಂಪು ಕೂತ ಜಾಗದಲ್ಲಿ ಅಷ್ಟರಮಟ್ಟಿಗೆ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿದಿರುತ್ತದೆ. ಮೈಲುತುತ್ತಿನ ನೀರು ಚೆಲ್ಲಿದ ವ್ಯಾನಿನ ತಗಡಿನಲ್ಲಿ ದಿನವೂ ನಡೆಯುವುದು ಇದೇ ಪರೀಕ್ಷೆ. ಹಾಗಾಗಿ ಅಂದಕ್ಕಾಗಿ ಹಚ್ಚುವ ಬಣ್ಣ ಇಲ್ಲಿ ಸಾಲದು. ತಗಡಿಗೂ ನೀರಿಗೂ ಸಂಪರ್ಕವನ್ನೇ ತಪ್ಪಿಸುವ, ಡ್ರಮ್ಮು ಎಳೆದರೂ ಏಳದ ಒಂದು ದಪ್ಪ ಚರ್ಮ ಬೇಕು.

ನಾನು ಬರೆದ ವಾಕ್ಯ ಹೀಗಿತ್ತು: ‘ವ್ಯಾನಿನ ತಳಕ್ಕೆ ಎರಡು ಪದರ ರಕ್ಷಣಾ ಲೇಪನ ಮಾಡತಕ್ಕದ್ದು.’ ಎರಡು ದಿನ ಬಿಟ್ಟು ಹೋಗಿ ನೋಡಿದಾಗ ವ್ಯಾನಿನ ಅಡಿಭಾಗಕ್ಕೆ, ಅಂದರೆ ಚಕ್ರಗಳ ನಡುವೆ ರಸ್ತೆಗೆ ಮುಖ ಮಾಡಿರುವ ಭಾಗಕ್ಕೆ, ಕಪ್ಪು ಟಾರಿನಂಥದ್ದನ್ನು ಅಚ್ಚುಕಟ್ಟಾಗಿ ಹೊಡೆದಿದ್ದರು. ಒಳಗಿನ ತಗಡು ಇದ್ದ ಹಾಗೆಯೇ ಇತ್ತು. ಕೆಲಸ ಮಾಡಿದ ಹುಡುಗ ನನ್ನ ಚೀಟಿಯನ್ನು ತಂದು ತೋರಿಸಿ, ‘ಅಣ್ಣ, ನೀವು ತಳಕ್ಕೆ ಅಂತಲ್ವಾ ಬರೆದದ್ದು?’ ಎಂದು ಕೇಳಿದ. ಅವನಲ್ಲಿ ನನಗೆ ತಪ್ಪು ಕಾಣಲಿಲ್ಲ. ಹಣ ಹೋಯಿತು, ಮಳೆಗಾಲಕ್ಕೆ ಮುಂಚಿನ ಒಂದು ವಾರವೂ ಹೋಯಿತು.

ತಳ ಎಂಬ ಪದವನ್ನು ಆ ರಾತ್ರಿ ಕೂತು ಯೋಚಿಸಿದೆ. ‘ಪಾಯಸ ತಳ ಹಿಡಿಯಿತು’ ಎನ್ನುವಾಗ ತಳ ಪಾತ್ರೆಯ ಒಳಗಿದೆ. ‘ಪಾತ್ರೆಯ ತಳಕ್ಕೆ ಮಸಿ ಹಿಡಿದಿದೆ’ ಎನ್ನುವಾಗ ಅದೇ ತಳ ಹೊರಗಿದೆ. ಅಡುಗೆಮನೆಯಲ್ಲಿ ಪಾಯಸವೂ ಮಸಿಯೂ ಕಣ್ಣೆದುರಿಗೇ ಇರುವುದರಿಂದ ಯಾರಿಗೂ ಗೊಂದಲವಾಗುವುದಿಲ್ಲ, ಚೀಟಿಯಲ್ಲಿ ಬರೆದಾಗ ಆಗುತ್ತದೆ. ‘ಅಡಿ’ ಎಂದಿದ್ದರೆ ಇನ್ನೂ ಕೆಡುತ್ತಿತ್ತು. ‘ನೆಲ’ ಎಂದರೆ ಕೆಲವರು ಗ್ಯಾರೇಜಿನ ನೆಲವನ್ನೇ ನೋಡುತ್ತಾರೆ. ‘ಹಾಸು’ ಎಂದರೆ ಎತ್ತಿ ಒಗೆಯಬಹುದಾದ ರಬ್ಬರ್ ಚಾಪೆ ನೆನಪಾಗುತ್ತದೆ. ಈಗ ‘ಒಳನೆಲ’ ಎಂದು ಬರೆಯುತ್ತಿದ್ದೇನೆ. ಗ್ಯಾರೇಜುಗಳಲ್ಲಿ ಎಲ್ಲರೂ ‘ಫ್ಲೋರ್’ ಎಂದೇ ಹೇಳುವುದು ನನಗೆ ಗೊತ್ತಿದೆ, ಆದರೆ ಅಲ್ಲಿಯೂ ‘ಅಂಡರ್ ಕೋಟಿಂಗ್’, ‘ಫ್ಲೋರ್ ಕೋಟಿಂಗ್’ ಎಂಬೆರಡರ ನಡುವೆ ಇದೇ ತೊಡಕು ಉಂಟಾಗುವುದನ್ನು ಕೇಳಿದ್ದೇನೆ.

ಇನ್ನು ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಲೇಪನ’ ಎಂಬ ಪದದ ಬಗ್ಗೆ ನನಗೆ ಅಸಮಾಧಾನವಿದೆ. ಹಣೆಗೆ ಇಡುವ ಗಂಧವೂ ಲೇಪನ, ನೋವಿಗೆ ಹಚ್ಚುವ ಔಷಧಿಯೂ ಲೇಪನ, ರಾಕೆಟ್ಟಿನ ಹೊರಮೈಗೆ ಕೊಡುವುದೂ ಲೇಪನ. ಮೈಗೆ ಹಚ್ಚಿದ್ದು ತೊಳೆದರೆ ಹೋಗುತ್ತದೆ, ಹೋಗಬೇಕು ಕೂಡ. ತಗಡಿಗೆ ಕೊಟ್ಟದ್ದು ಹೋಗಬಾರದು. ಈ ವ್ಯತ್ಯಾಸವನ್ನು ಲೇಪನ ಹೇಳುವುದಿಲ್ಲ. ‘ರಕ್ಷಣಾ’ ಎಂದು ಮುಂದೆ ಸೇರಿಸಿದರೆ ಉದ್ದೇಶ ತಿಳಿಯುತ್ತದೆಯೇ ಹೊರತು ಕೈ ಮಾಡಬೇಕಾದ ಕೆಲಸ ತಿಳಿಯುವುದಿಲ್ಲ.

ನಮ್ಮ ಮನೆಯ ಹವ್ಯಕ ಮಾತಿನಲ್ಲಿ ಈ ಕೈಕೆಲಸಗಳಿಗೆ ಬೇರೆ ಬೇರೆ ಕ್ರಿಯಾಪದಗಳಿವೆ. ತಲೆಗೆ ಎಣ್ಣೆ ‘ಕಿಟ್ಟುದು’. ಒದ್ದೆ ಬಟ್ಟೆಯಲ್ಲಿ ನೆಲ ‘ಉದ್ದುದು’, ಅಂದರೆ ಒರಸುವುದು. ಸಗಣಿ ನೀರಿನಿಂದ ಅಂಗಳ ‘ಬಳುಗುದು’. ಗೋಡೆಯ ಬಿರುಕಿಗೆ ಮಣ್ಣು ‘ಮೆತ್ತುದು’. ಅಡಿಕೆ ಹರವುವ ಅಂಗಳವನ್ನು ಉಡುಗಿ ಬಳುಗುವ ದಿನ ಅಮ್ಮ ಮೆಟ್ಟಿಲಲ್ಲಿ ನಿಂತು, ‘ಒಣಗದ್ದೆ ಕಾಲು ಮಡುಗೆಡ’ (ಒಣಗದೆ ಕಾಲಿಡಬೇಡ) ಎಂದು ನಮ್ಮನ್ನು ತಡೆಯುತ್ತಿದ್ದರು. ಸಗಣಿಯ ಆ ತೆಳು ಪರೆ ಧೂಳನ್ನು ಹಿಡಿದಿಟ್ಟು ಅಡಿಕೆಗೆ ಮಣ್ಣು ತಾಗದಂತೆ ಮಾಡುತ್ತಿತ್ತು. ಅದೂ ಒಂದು ನೆಲಕ್ಕೆ, ಒಂದು ಕೆಲಸಕ್ಕಾಗಿ, ಕಾಪಾಡಲೆಂದು ಕೊಟ್ಟದ್ದೇ. ಬಳುಗು, ಗ್ರಾಂಥಿಕ ಕನ್ನಡದ ಬಳಿ, ಎರಡೂ ಅಗಲವಾದ ಜಾಗವನ್ನು, ಅಂಗೈ ಅಥವಾ ಪೊರಕೆಯ ಬೀಸಿನಿಂದ, ಬಿಡದಂತೆ ತುಂಬುವ ಕೆಲಸವನ್ನು ಹೇಳುತ್ತವೆ. ರೋಲರಿನಿಂದ ರಾಳವನ್ನು ಎಳೆಯುವಾಗ ಕೈ ಮಾಡುವುದೂ ಅದನ್ನೇ. ಸೌದೆ ಒಲೆಯ ಮೇಲಿಡುವ ಪಾತ್ರೆಯ ಹೊರತಳಕ್ಕೆ ಮಸಿ ಅಂಟದಿರಲೆಂದು ಬೂದಿ ಬಳಿಯುತ್ತಿದ್ದುದನ್ನೂ ಇಲ್ಲಿ ನೆನೆಯಬಹುದು.

ಈಗ ‘ಪೂಸು’. ಕಾಸರಗೋಡಿನಲ್ಲಿ ಮಲಯಾಳವನ್ನು ದಿನವೂ ಕೇಳುವವರಿಗೆ ‘ಪೂಶುಕ’ ಚಿರಪರಿಚಿತ, ಚಿನ್ನದ ನೀರು ಕೊಟ್ಟ ಆಭರಣಕ್ಕೆ ‘ಸ್ವರ್ಣಂ ಪೂಶಿಯ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ತಮಿಳಿನಲ್ಲಿ ‘ಪೂಚ್ಚು’, ತೆಲುಗಿನಲ್ಲಿ ‘ಪೂತ’ ಎಂಬ ನಾಮಪದಗಳು ಇದೇ ಕುಲದವು, ನಮಗೆ ಬೇಕಾದ ಇದೇ ಅರ್ಥದಲ್ಲಿ ಇಂದಿಗೂ ಬಳಕೆಯಲ್ಲಿವೆ. ಹಳಗನ್ನಡದಲ್ಲಿಯೂ ಪೂಸು ಎಂದರೆ ಬಳಿ, ಸವರು ಎಂದೇ ಅರ್ಥ. ಸುತ್ತಣ ಮೂರೂ ನುಡಿಗಳು ಉಳಿಸಿಕೊಂಡ ಪದವನ್ನು ನಾವು ಮಾತ್ರ ಏಕೆ ಬಿಟ್ಟೆವು? ಪಕಾರ ಹಕಾರವಾದಾಗ ಪೂಸು ‘ಹೂಸು’ ಆಯಿತು, ಹೂಸು ಎಂಬುದಕ್ಕೆ ಹೇಳಲು ಸಂಕೋಚವಾಗುವ ಇನ್ನೊಂದು ಅರ್ಥ ಬಲವಾಗಿ ಇದ್ದುದರಿಂದ ಜನ ಬಳಿ, ಸವರು, ಹಚ್ಚು ಎಂಬವುಗಳ ಕಡೆಗೆ ಸರಿದಿರಬೇಕು ಎಂಬುದು ನನ್ನ ಊಹೆ. ಪಕಾರದ ರೂಪವನ್ನೇ ಮತ್ತೆ ತರೋಣವೆಂದರೆ ನಮ್ಮ ಗಡಿಯಲ್ಲಿ ಅದು ಕೂಡಲೇ ಅರ್ಥವಾಗುತ್ತದೆ, ಆದರೆ ಮಲಯಾಳವನ್ನು ಕನ್ನಡಕ್ಕೆ ತುಂಬುತ್ತಿದ್ದೀರಿ ಎಂಬ ಆಕ್ಷೇಪವೂ ಬರುತ್ತದೆ. ಆ ಆಕ್ಷೇಪ ಸರಿಯಲ್ಲ ಎಂದೇ ನಾನು ನಂಬುತ್ತೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವುದಕ್ಕೆ ಎಷ್ಟೋ ನೂರು ವರ್ಷಗಳ ಹಿಂದೆಯೇ ಈ ಪದ ಕನ್ನಡದ್ದಾಗಿತ್ತು. ನೆರೆಮನೆಯಲ್ಲಿ ಉಳಿದಿತ್ತೆಂದ ಮಾತ್ರಕ್ಕೆ ನಮ್ಮ ಪಾತ್ರೆ ಅವರದಾಗುವುದಿಲ್ಲ.

‘ತೊಡೆ’ಯನ್ನೂ ಪರಿಶೀಲಿಸಿದೆ. ಅದಕ್ಕೆ ಬಳಿ ಎಂಬ ಅರ್ಥವೂ ಇದೆ, ಒರಸಿ ತೆಗೆ ಎಂಬ ಅರ್ಥವೂ ಇದೆ. ಮಲೆನಾಡು, ಉತ್ತರ ಕನ್ನಡದ ಕಡೆ ಬಿಸಿ ಮಡಕೆಯನ್ನು ಕವುಚಿ ಹಾಕಿ, ಕಬ್ಬಿನ ಹಾಲು ಸೇರಿಸಿದ ಹಿಟ್ಟನ್ನು ಬಟ್ಟೆಯಿಂದ ಎಳೆದು ಮಾಡುವ ತೊಡದೇವಿನ ಹೆಸರಿನಲ್ಲಿ ಮೊದಲನೆಯ ಅರ್ಥ ಉಳಿದುಕೊಂಡಿದೆ. ಆದರೆ ತೊಡದೇವಿನ ಸೊಗಸು ಇರುವುದೇ ಪರೆ ಹಾಳೆಯಾಗಿ ಎದ್ದು ಬರುವುದರಲ್ಲಿ. ವ್ಯಾನಿನಲ್ಲಿ ಹಾಗೆ ಎದ್ದುಬಂದರೆ ತಗಡನ್ನು ಸರಿಯಾಗಿ ಉಜ್ಜಲಿಲ್ಲ, ಎಣ್ಣೆಯ ಜಿಡ್ಡು ಉಳಿದಿತ್ತು ಎಂದೇ ತಿಳಿಯಬೇಕು. ಜೊತೆಗೆ ‘ಕಣ್ಣೀರು ತೊಡೆ’ ಎನ್ನುವ ಇಂದಿನ ಓದುಗರು ಸೂಚನೆಯನ್ನು ತಿರುವುಮುರುವಾಗಿ ಓದುವ ಅಪಾಯವಿದೆ. ಅದನ್ನು ಕೈಬಿಟ್ಟೆ.

ನನಗೆ ಬಹಳ ಹತ್ತಿರವೆನಿಸಿದ ಪದ ‘ಕಲಾಯಿ’. ಹಿತ್ತಾಳೆಯ ಪಾತ್ರೆಯನ್ನು ಹುಳಿಯಿಂದ ಉಜ್ಜಿ, ಬೆಂಕಿಯಲ್ಲಿ ಕಾಯಿಸಿ, ನವಸಾಗರ ಉದುರಿಸಿ, ಕರಗಿದ ತವರವನ್ನು ಹತ್ತಿಯಿಂದ ಒಳಗೆಲ್ಲ ಎಳೆಯುವ ಆ ಕೆಲಸದಲ್ಲಿ ಎಲ್ಲವೂ ಇದೆ: ಮೈ ಸ್ವಚ್ಛ ಮಾಡುವುದು, ಅಂಟಿಸುವುದು, ಕಿಲುಬು ಏಳದಂತೆ ಕಾಯುವುದು. ಪಾತ್ರೆಯ ಒಳಮೈ ಎಂಬ ಸೂಚನೆಯೂ ಅದರಲ್ಲೇ ಅಡಗಿದೆ. ಆದರೆ ಕಲಾಯಿಗೆ ತವರ ಬೇಕು, ಬೆಂಕಿ ಬೇಕು. ‘ವ್ಯಾನಿಗೆ ಕಲಾಯಿ ಹಾಕಿಸು’ ಎಂದರೆ ಹಿರಿಯರಿಗೆ ಉದ್ದೇಶ ತಿಳಿದೀತು, ಸೂಚನಾಪತ್ರದಲ್ಲಿ ಅದು ನಿಲ್ಲಲಾರದು.

‘ಕೋಟ್’ ಎಂಬುದಕ್ಕೆ ನಾನು ‘ಪದರ’ ಎಂದು ಬರೆದದ್ದೂ ಸರಿಯಾಗಲಿಲ್ಲ. ಸುಣ್ಣ ಹೊಡೆಯುವವರು ‘ಎರಡು ಕೈ’ ಎನ್ನುತ್ತಾರೆ. ಒಂದು ಸಲ ಎಲ್ಲೆಡೆ ಕೈ ಆಡಿಸಿ ಮುಗಿಸಿ, ಒಣಗಿದ ಮೇಲೆ ಮತ್ತೆ ಆಡಿಸುವುದು ಎಂಬ ಕ್ರಮವೇ ಆ ಪದದಲ್ಲಿದೆ. ಪದರ ಎಂದರೆ ಕೊನೆಗೆ ಉಳಿಯುವ ವಸ್ತು, ಕೈ ಎಂದರೆ ಮಾಡುವ ಕೆಲಸ. ಹೊಸ ಚೀಟಿಯಲ್ಲಿ ‘ಮೊದಲ ಕೈ ಅಡ್ಡಕ್ಕೆ, ಎರಡನೆಯ ಕೈ ಉದ್ದಕ್ಕೆ’ ಎಂದು ಬರೆದೆ. ಒಬ್ಬರೂ ಮರುಪ್ರಶ್ನೆ ಕೇಳಲಿಲ್ಲ.

ಇಲ್ಲಿ ಇನ್ನೊಂದು ಪದ ನನ್ನನ್ನು ಬಹಳ ಕಾಡಿತು. ಈ ರಾಳ ಎರಡು ಡಬ್ಬಗಳಲ್ಲಿ ಬರುತ್ತದೆ, ಎರಡನ್ನೂ ಹೇಳಿದ ಪ್ರಮಾಣದಲ್ಲಿ ಕಲಸಿದ ಮೇಲೆ ಅವು ಒಂದರೊಡನೊಂದು ವರ್ತಿಸಿ ಗಟ್ಟಿಯಾಗುತ್ತವೆ. ನೀರು ಆರಿ ಒಣಗುವ ಸುಣ್ಣದ ಹಾಗೆ ಇದು ಒಣಗುವುದಲ್ಲ. ಆಳವಾದ ಡಬ್ಬದಲ್ಲಿ ಹೆಚ್ಚು ಕಲಸಿಟ್ಟರೆ ತಾನೇ ಬಿಸಿಯೇರಿ, ಹಚ್ಚುವ ಮುಂಚೆಯೇ ಕಲ್ಲಾಗುತ್ತದೆ. ಕೆಲವು ಗಂಟೆಗಳಲ್ಲಿ ಮುಟ್ಟಿದರೆ ಅಂಟುವುದಿಲ್ಲ, ಆದರೆ ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 7 ದಿನ ಹಿಡಿಯುತ್ತದೆ. ‘ಒಣಗಿದ ಮೇಲೆ ಸಾಮಾನು ಹೇರಬಹುದು’ ಎಂದು ನಾನು ಬರೆದಿದ್ದರೆ ಮರುದಿನವೇ ಡ್ರಮ್ಮು ಏರುತ್ತಿತ್ತು. ಇದಕ್ಕೆ ‘ಬಲಿ’ ಎಂಬ ಕ್ರಿಯಾಪದ ಸರಿಯಾಗಿ ಕೂರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಯಿ ಬಲಿಯುತ್ತದೆ, ಅಡಿಕೆ ಬಲಿಯುತ್ತದೆ. ಹೊರಗಿನಿಂದ ಏನೂ ಸೇರದೆ, ತನ್ನೊಳಗೇ ದಿನ ತುಂಬಿ ಗಟ್ಟಿಯಾಗುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಚೆನ್ನಾದ ಪದ ನನಗೆ ಕಾಣುವುದಿಲ್ಲ. ಅಡಿಕೆ ತೋಟದವರಿಗಂತೂ ಎಳೆಯದಕ್ಕೂ ಬಲಿತದ್ದಕ್ಕೂ ಇರುವ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಸ ಚೀಟಿಯಲ್ಲಿ ‘ಒಂದು ದಿನ ಒಣಗಲು ಬಿಡಿ, ಒಂದು ವಾರ ಬಲಿಯಲು ಬಿಡಿ’ ಎಂದಿದೆ.

ಒಟ್ಟಿನಲ್ಲಿ ಈಗ ನನ್ನ ಚೀಟಿಯ ಮೊದಲ ವಾಕ್ಯ ಹೀಗಿದೆ: ‘ವ್ಯಾನಿನ ಒಳನೆಲದ ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ ತೆಗೆದು, ತಿನ್ನರಿನಲ್ಲಿ ಒರಸಿ, ಪ್ರೈಮರ್ ಕೊಟ್ಟು, ಅದರ ಮೇಲೆ ರಾಳವನ್ನು ಎರಡು ಕೈ ಬಳಿಯಿರಿ, ಎರಡನೆಯ ಕೈ ಹಸಿಯಿರುವಾಗಲೇ ಕಾಲು ಜಾರದಂತೆ ಸಣ್ಣ ಮರಳನ್ನು ಉದುರಿಸಿರಿ.’ ಇದರಲ್ಲಿ ಲೇಪನ ಎಂಬ ಪದವೇ ಬರಲಿಲ್ಲ, ಬೇಕೆಂದೂ ಅನಿಸಲಿಲ್ಲ. ಆದರೆ ಬಿಲ್ಲಿನಲ್ಲಿ, ಶೀರ್ಷಿಕೆಯಲ್ಲಿ ಒಂದು ನಾಮಪದ ಬೇಕೇಬೇಕು. ಹೊಡೆ ಎಂಬುದರಿಂದ ಹೊಡೆತ, ಸೆಳೆ ಎಂಬುದರಿಂದ ಸೆಳೆತ ಆದಂತೆ ಬಳಿ ಎಂಬುದರಿಂದ ‘ಬಳಿತ’ ಎಂದು ಮಾಡಿಕೊಂಡು ‘ಒಳನೆಲದ ಬಳಿತ’ ಎನ್ನಬಹುದೇ? ಆಡುಮಾತಿನಲ್ಲಿ ಎಲ್ಲಿಯಾದರೂ ಈ ರೂಪ ಈಗಾಗಲೇ ಇದ್ದರೆ ದಯವಿಟ್ಟು ತಿಳಿಸಿ. ಇಲ್ಲವಾದರೆ ‘ಪೂಸು’ವಿನಿಂದಲೇ ಒಂದು ನಾಮಪದವನ್ನು ಒಪ್ಪಲು ನೀವು ಸಿದ್ಧರಿದ್ದೀರಾ ಎಂಬುದನ್ನೂ ಹೇಳಿ.

ಆಂಧ್ರದ ಮಡಕಶಿರಾ, ಆದೋನಿ, ರಾಯದುರ್ಗದ ಕನ್ನಡಿಗರು ತೆಲುಗಿನ ಪೂತವನ್ನು ಕನ್ನಡ ಮಾತಾಡುವಾಗಲೂ ಬಳಸುತ್ತಾರೆಯೇ? ತಮಿಳುನಾಡಿನ ಹೊಸೂರು, ತಾಳವಾಡಿಯವರಿಗೆ ಪೂಸು ಎಂದರೆ ಏನು ಹೊಳೆಯುತ್ತದೆ? ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆಯವರು ಬಟ್ಟೆಯ ಒಳಪದರಕ್ಕೆ ಹೇಳುವ ‘ಅಸ್ತರು’ ಪದವನ್ನು ಬಣ್ಣದ ಕೆಳಗಿನ ಮೊದಲ ಕೈಗೂ ಹೇಳುವುದುಂಟೇ? ಹಾಗಿದ್ದರೆ ಪ್ರೈಮರ್ ಎಂಬಲ್ಲಿ ಅದನ್ನೇ ಹಾಕುತ್ತೇನೆ. ಮುಂದಿನ ವಾರ ತಮ್ಮ ಎರಡನೆಯ ವ್ಯಾನನ್ನು ಕೆಲಸಕ್ಕೆ ಬಿಡುತ್ತಾನೆ, ಅಷ್ಟರಲ್ಲಿ ಚೀಟಿಯನ್ನು ತಿದ್ದಿ ಕೊಡಬೇಕಾಗಿದೆ.