‘ಬ್ಲೈಂಡ್ ಸ್ಪಾಟ್’ ಎಂಬುದಕ್ಕೆ ‘ಕಣ್ಮರೆ’ ಒಗ್ಗುವುದೇ?

ಬಿಡಿಭಾಗಗಳನ್ನು ಜೋಡಿಸಿ ಕೈಯಾರೆ ಕಟ್ಟಿಕೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಕನ್ನಡಿಗಳನ್ನು ಕೂರಿಸಿದ ಬಗೆಯನ್ನು ಕನ್ನಡದಲ್ಲಿ ಬರೆದಿಡಲು ಹೊರಟಾಗ, ಮೊದಲ ಪುಟದಲ್ಲೇ ನನ್ನನ್ನು ತಡೆದದ್ದು ‘ಬ್ಲೈಂಡ್ ಸ್ಪಾಟ್’ ಎಂಬ ಮಾತು. ಒಳಗಿನ ಕನ್ನಡಿಯಲ್ಲೂ ಪಕ್ಕದ ಕನ್ನಡಿಯಲ್ಲೂ ಕಾಣದೆ, ಮುಂದೆ ನೋಡುತ್ತಿರುವ ಚಾಲಕನ ಕಣ್ಣಂಚಿಗೂ ಸಿಗದೆ ಉಳಿಯುವ, ಕಾರಿನ ಹಿಂಬದಿಯ ಓರೆಯ ಆ ಜಾಗವನ್ನು ‘ಕುರುಡು ಚುಕ್ಕೆ’, ‘ಅಂಧ ಬಿಂದು’ ಎಂದು ಬರೆಯುವುದುಂಟು. ಎರಡೂ ನನಗೆ ಒಪ್ಪಿಗೆಯಾಗಿಲ್ಲ. ಏಕೆಂಬುದನ್ನು ವಿವರಿಸಿ, ನಾನು ಬಳಸಬೇಕೆಂದಿರುವ ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

‘ಅಂಧ ಬಿಂದು’ ಮೂಲತಃ ಕಣ್ಣಿಗೆ ಸಂಬಂಧಿಸಿದ ಪದ. ದೃಷ್ಟಿನರವು ಅಕ್ಷಿಪಟಲವನ್ನು ದಾಟಿ ಹೊರಬೀಳುವ ಕಡೆಯಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿರುವುದಿಲ್ಲ; 1660ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ಎದ್ಮ್ ಮಾರಿಯೊಟ್ ಇದನ್ನು ತೋರಿಸಿಕೊಟ್ಟರು. ನೇರ ನೋಟದಿಂದ ಹೊರಕ್ಕೆ ಸುಮಾರು 15 ಡಿಗ್ರಿ ದೂರದಲ್ಲಿ ಬೀಳುವ ಈ ಜಾಗ ಕಿರಿದು, ಅದರ ನೆಲೆ ಬದಲಾಗದು, ಅಲ್ಲಿ ಕುರುಡಾಗಿರುವುದು ನಿಜವಾಗಿಯೂ ಕಣ್ಣೇ. ಹಾಗಾಗಿ ಅಂಧವೂ ಬಿಂದುವೂ ಅಲ್ಲಿ ಸಲ್ಲುತ್ತವೆ. ಕಾರಿನ ಪಕ್ಕದಲ್ಲಿ ಎರಡೂ ಸಲ್ಲವು. ಇಡೀ ಬೈಕೊಂದನ್ನು ಅಡಗಿಸಿಕೊಳ್ಳಬಲ್ಲ ಜಾಗವನ್ನು ಚುಕ್ಕೆ ಎನ್ನಲಾಗದು. ಕನ್ನಡಿಯನ್ನು ತುಸು ತಿರುಗಿಸಿದರೆ ಅದು ಸರಿಯುತ್ತದೆ, ಕುಗ್ಗುತ್ತದೆ. ಇರುಳುಗುರುಡು, ಬಣ್ಣಗುರುಡು ಎನ್ನುವಾಗ ಕೊರತೆ ನೋಡುವವನ ಕಣ್ಣಿನದು. ಇಲ್ಲಿ ಕಣ್ಣಿನಲ್ಲಿ ಯಾವ ಊನವೂ ಇಲ್ಲ. ಕಾರಿನ ಕನ್ನಡಿಗಳ ಜ್ಯಾಮಿತಿಯ ಬಗ್ಗೆ 1995ರಲ್ಲಿ ಪ್ರಬಂಧ ಬರೆದ ಜಾರ್ಜ್ ಪ್ಲಾಟ್ಜರ್ ಕೂಡ ‘ಸ್ಪಾಟ್’ ಎಂಬುದನ್ನು ಬಿಟ್ಟು ‘ಬ್ಲೈಂಡ್ ಝೋನ್’ ಎಂದೇ ಬರೆದರು.

ನನ್ನ ಕಾರಿನಲ್ಲಿ ಈ ಕಾಣದಿರುವಿಕೆ ಎರಡು ಬಗೆಯದು. ಪದದ ತೊಡಕೂ ಅಲ್ಲೇ ಇದೆ. ಸೀಟು ನೆಲಕ್ಕೆ ತೀರ ಹತ್ತಿರದಲ್ಲಿದೆ, ಬೆನ್ನ ಹಿಂದೆ, ಕಾರು ಮಗುಚಿದರೆ ತಲೆ ಕಾಯಲೆಂದು ಕೂರಿಸುವ ಉಕ್ಕಿನ ಕೊಳವೆಯ ರೋಲ್ ಬಾರ್ ಇದೆ, ಮಳೆಗೆ ಹಾಕುವ ಬಟ್ಟೆಯ ಛಾವಣಿಯ ಹಿಂದಿನ ಕಿಟಕಿಯಂತೂ ಬಹಳ ಚಿಕ್ಕದು. ಇವು ಅಡ್ಡ ಬಂದು ಮುಚ್ಚುವ ಭಾಗಕ್ಕೆ ‘ಮರೆ’ ಎಂಬ ಪದ ನಮ್ಮಲ್ಲಿ ಸಿದ್ಧವಾಗಿದೆ. ಕಂಬದ ಮರೆ, ಬಾಗಿಲ ಮರೆ ಎಂದಂತೆ ‘ರೋಲ್ ಬಾರಿನ ಮರೆ’ ಎಂದರೆ ಯಾರಿಗೂ ವಿವರಣೆ ಬೇಡ. ಎರಡನೆಯ ಬಗೆಯಲ್ಲಿ ಏನೂ ಅಡ್ಡವಿರುವುದಿಲ್ಲ. ಛಾವಣಿ ತೆಗೆದು ಬಯಲಿನಲ್ಲಿ ಕುಳಿತಂತೆ ಕುಳಿತರೂ, ಕನ್ನಡಿಯ ನೋಟ ಮುಗಿಯುವ ಗೆರೆಗೂ ಕಣ್ಣಂಚಿನ ನೋಟ ತೊಡಗುವ ಗೆರೆಗೂ ನಡುವೆ ತೆರಪೊಂದು ಉಳಿದೇ ಉಳಿಯುತ್ತದೆ.

ಆ ತೆರಪನ್ನು ಅಳೆಯಲು ನಾನು ಬೆಲ್ಟ್ ಕಟ್ಟಿಕೊಂಡು ಸೀಟಿನಲ್ಲಿ ಕುಳಿತು, ಗೆಳೆಯನೊಬ್ಬನಿಗೆ ಹಿಂದಿನಿಂದ ಕಾರಿನ ಪಕ್ಕದ ಸಾಲಿನಲ್ಲಿ ನಡೆದು ಬರಲು ಹೇಳಿದೆ. ಅವನು ಕನ್ನಡಿಯಿಂದ ಹೊರಬಿದ್ದ ಕಡೆ ಸೀಮೆಸುಣ್ಣದ ಒಂದು ಗೆರೆ, ಕಣ್ಣಂಚಿನಲ್ಲಿ ಮತ್ತೆ ಮೂಡಿದ ಕಡೆ ಇನ್ನೊಂದು ಗೆರೆ ಎಳೆದೆವು. ಹೆಸರು ಬೇಕಾಗಿರುವುದು ಈ ಎರಡು ಗೆರೆಗಳ ನಡುವಿನ ನೆಲಕ್ಕೆ. ಪಕ್ಕದ ಕನ್ನಡಿಯಲ್ಲಿ ನನ್ನದೇ ಕಾರಿನ ಬದಿ ಕಾಣುವುದು ನಿಲ್ಲುವಷ್ಟು ಅದನ್ನು ಹೊರಕ್ಕೆ ತಿರುಗಿಸಿದಾಗ ಗೆರೆಗಳು ಹತ್ತಿರವಾದವು. ಕನ್ನಡಿ 5 ಡಿಗ್ರಿ ತಿರುಗಿದರೆ ಅದರಲ್ಲಿ ಕಾಣುವ ದಿಕ್ಕು 10 ಡಿಗ್ರಿ ತಿರುಗುವುದರಿಂದ ಬೆರಳ ತುದಿಯ ಒತ್ತಡವೇ ಸಾಕಾಯಿತು. ಆದರೆ ನೇರ ಹಿಂದಿನ ರಸ್ತೆಯನ್ನು ಒಳಗಿನ ಕನ್ನಡಿ ತೋರಿಸುವಂತಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಛಾವಣಿ ಹಾಕಿದ ದಿನ ನಡೆಯದು. ಅಂತಹ ದಿನಗಳಿಗೆಂದು ಸಪಾಟಾದ ಕನ್ನಡಿಯ ಹೊರ ಮೂಲೆಯಲ್ಲಿ ಚಿಕ್ಕದೊಂದು ಉಬ್ಬುಗನ್ನಡಿಯನ್ನು ಅಂಟಿಸಿದ್ದೇನೆ. (ಪಠ್ಯಪುಸ್ತಕಗಳ ‘ಪೀನ ದರ್ಪಣ’ ಶಾಲೆಯಲ್ಲಿ ಕಲಿತವರಿಗೆ ನೆನಪಿರಬಹುದು, ಆದರೆ ‘ಉಬ್ಬುಗನ್ನಡಿ’ ಕೇಳಿದೊಡನೆ ಆಕಾರವೇ ಕಣ್ಣಿಗೆ ಕಟ್ಟುತ್ತದೆ.) ಅದರಲ್ಲಿ ನೋಟ ಅಗಲವಾಗುತ್ತದೆ, ಬಿಂಬ ಕಿರಿದಾಗುತ್ತದೆ, ಹತ್ತಿರದ ವಾಹನವೂ ದೂರವಿದ್ದಂತೆ ತೋರುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಅದು ಸಾಕು. ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯಲು ಅದನ್ನು ನಂಬಬಾರದು.

ಗೆಳೆಯ ಮೊದಲ ಗೆರೆಯನ್ನು ದಾಟಿದಾಗಲೆಲ್ಲ ನನ್ನ ಬಾಯಿಂದ ತಾನಾಗಿ ಹೊರಟ ಮಾತು ‘ಕಣ್ಮರೆಯಾದೆ’ ಎಂಬುದು. ಹುಡುಕುತ್ತಿದ್ದ ಪದ ಇದೇ ಇರಬೇಕೆಂದು ಆಗ ಅನಿಸಿತು. ಕಾಣದ್ದೆಲ್ಲ ಕಣ್ಮರೆಯಲ್ಲ, ಈ ಮೊದಲು ಕಂಡದ್ದು ಕಾಣದಾದಾಗ ಮಾತ್ರ ಹಾಗೆನ್ನುತ್ತೇವೆ. ಹಿಂದಿನಿಂದ ಬರುವ ವಾಹನ ಕನ್ನಡಿಯಲ್ಲಿ ಕಂಡು, ಅಲ್ಲಿಂದ ಜಾರಿ, ಪಕ್ಕದಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಇದೇ ಕ್ರಮದಲ್ಲಿ. ‘ಕುರುಡು’ ಎಂಬುದು ಕಣ್ಣನ್ನು ದೂರುತ್ತದೆ, ‘ಕಣ್ತಪ್ಪು’ ಎಂದರೆ ಚಾಲಕನ ಅಜಾಗರೂಕತೆಯನ್ನು ದೂರಿದಂತಾಗುತ್ತದೆ. ‘ಕಣ್ಮರೆ’ ಯಾರನ್ನೂ ದೂರದೆ, ಕಾಣದಾದದ್ದು ಇನ್ನೂ ಇಲ್ಲೇ ಎಲ್ಲೋ ಇದೆ ಎಂಬ ಎಚ್ಚರವನ್ನು ಉಳಿಸುತ್ತದೆ.

ಇದಕ್ಕೆ ‘ವಲಯ’ವನ್ನು ಸೇರಿಸುವುದಕ್ಕಿಂತ ‘ಎಡೆ’ಯನ್ನು ಸೇರಿಸಿ ‘ಕಣ್ಮರೆಯೆಡೆ’ ಎನ್ನುವುದು ನನಗೆ ಹಿತವೆನಿಸುತ್ತದೆ. ವಲಯ ಎಂದೊಡನೆ ದುಂಡಗಿನ ಆಕಾರ ಮನಸ್ಸಿಗೆ ಬರುತ್ತದೆ, ನೆಲದ ಮೇಲೆ ನಾವು ಗುರುತಿಸಿದ ಜಾಗವಾದರೋ ಕಾರಿನಿಂದ ದೂರ ಹೋದಂತೆ ಅಗಲವಾಗುವ ಓರೆಪಟ್ಟಿ. ‘ಎಡೆ’ಗೆ ಜಾಗ ಎಂಬ ಅರ್ಥವೂ ಎರಡರ ನಡುವಿನ ತೆರಪು ಎಂಬ ಅರ್ಥವೂ ಇರುವುದರಿಂದ, ಎರಡು ನೋಟಗಳ ನಡುವೆ ಉಳಿಯುವ ಇದಕ್ಕೆ ಅದಕ್ಕಿಂತ ಹೊಂದುವ ಪದ ನನಗೆ ಸಿಕ್ಕಿಲ್ಲ.

ಅನುಮಾನಗಳೂ ಇವೆ. ಗಣ್ಯರು ತೀರಿಕೊಂಡಾಗ ‘ಕಣ್ಮರೆಯಾದರು’ ಎಂದು ಬರೆಯುವ ರೂಢಿಯಿದೆ. ರಸ್ತೆ ಸುರಕ್ಷತೆಯ ಬರಹದಲ್ಲಿ ಆ ನೆರಳು ಓದುಗರನ್ನು ಕಾಡುವುದೇ? ‘ಅಪಘಾತ ವಲಯ’ ಎಂದರೆ ಅಪಘಾತ ಆಗುವ ಜಾಗ ಎಂದು ತಿಳಿಯುವಂತೆ, ‘ಕಣ್ಮರೆಯೆಡೆ’ ಎಂದರೆ ಕಣ್ಮರೆ ಆಗುವ ಜಾಗ ಎಂದೇ ತಿಳಿಯುವರೇ, ಇಲ್ಲವೇ ತಾನೇ ಕಣ್ಮರೆಯಾದ ಜಾಗ ಎಂದುಕೊಳ್ಳುವರೇ? ಅಡ್ಡ ಬಂದ ವಸ್ತುವಿನಿಂದಾಗುವ ‘ಮರೆ’ಯನ್ನೂ ಅಡ್ಡವಿಲ್ಲದ ಈ ‘ಕಣ್ಮರೆ’ಯನ್ನೂ ಒಂದೇ ಬರಹದಲ್ಲಿ ಬೇರೆ ಬೇರೆ ಅರ್ಥದಲ್ಲಿ ಬಳಸಿದರೆ ಗೊಂದಲವಾಗುವುದೇ? ವಾಹನ ಓಡಿಸುವವರ ನಡುವೆ ಈಗಾಗಲೇ ಬೇರೊಂದು ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಆಡುಮಾತಿನಲ್ಲಿ ನಿಂತ ಪದವೊಂದು ಇದ್ದರೆ ನನ್ನ ‘ಕಣ್ಮರೆಯೆಡೆ’ಯನ್ನು ಬಿಟ್ಟು ಅದನ್ನೇ ಬರೆಯುತ್ತೇನೆ.