ಸಹಾಯ ಬೇಕು: ಪುಸ್ತಕದ ಕಪಾಟಿಗೆ ಬೂಷ್ಟು ಹಿಡಿದಿದೆ

ನಮಸ್ಕಾರ. ಕಾರವಾರದಲ್ಲಿ ಮನೆಯಿಂದಲೇ ಪತ್ರಿಕೆಗಳಿಗೆ ಬರೆದುಕೊಡುವ ಕೆಲಸ ನನ್ನದು. ಬೇಸಿಗೆಯಲ್ಲಿ ಹಳೇ ಹಲಸಿನ ಹಲಗೆಗಳಿಂದ ನಾನೇ ಒಂದು ಕಪಾಟು ಮಾಡಿದೆ. ಚಿರೇಕಲ್ಲಿನ ಗೋಡೆಗೆ ತಾಗಿಸಿ ಇಟ್ಟಿದ್ದೇ ತಪ್ಪಾಯ್ತೇನೋ. ಜುಲೈ ಮಳೆಗೆ ಗೋಡೆ ಥಂಡಿ ಹಿಡಿದು, ಹಿಂಬದಿಯ ಹಲಗೆ ತುಂಬಾ ಬೂಷ್ಟು. ಬಾಗಿಲೂ ಉಬ್ಬಿ ಬಿಗಿಯಾಗಿದೆ. ಈಗ ಕೀಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಸಂದು ಬೀಳುತ್ತದೆ, ಅಲ್ವಾ? ಅದಕ್ಕೆ ಸುಮ್ನೆ ಬಿಟ್ಟಿದ್ದೇನೆ.

ಅಜ್ಜನ ಕಾಲದ ನಿಘಂಟಿನ ರಟ್ಟಿನ ಮೇಲೆ ಬಿಳಿ ಚುಕ್ಕೆ ಕಂಡು ಕರುಳು ಚುರ್ ಅಂತು. ಒಣಬಟ್ಟೆಯಲ್ಲಿ ಒರೆಸಿದೆ, ನಾಲ್ಕೇ ದಿನಕ್ಕೆ ಮತ್ತೆ ಬಂತು.

ಕಪಾಟನ್ನು ಗೋಡೆಯಿಂದ ಎಷ್ಟು ಇಂಚು ದೂರ ಇಡಬೇಕು? ಹಲಗೆಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿದರೆ ಅದರ ಕಲೆ ಪುಸ್ತಕಗಳಿಗೆ ಹತ್ತುತ್ತದೆಯೇ? ನಮ್ಮ ಕರಾವಳಿಯ ಮಳೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.